ಕಲ್ಪಿತ ಭಾಷೆಗೆ ಸದ್ದಿನ ಪದಗಳನ್ನು ಕಟ್ಟುವುದು ಹೇಗೆ?

ಹೊಸ ಭಾಷೆ ಕಟ್ಟುವವರ ಪದಪಟ್ಟಿಯಲ್ಲಿ ನೀರು, ಮರ, ಕಣ್ಣು, ಒಂದರಿಂದ ಹತ್ತರವರೆಗಿನ ಎಣಿಕೆ ಬೇಗ ತುಂಬಿಕೊಳ್ಳುತ್ತವೆ. ಆ ಭಾಷೆಯಲ್ಲಿ ಮೊದಲ ಸಲ ಒಂದು ಪುಟ ಬರೆಯಲು ಕೂತಾಗ ತೊಡಕು ಗೊತ್ತಾಗುತ್ತದೆ. ಬಾಗಿಲು ಕಿರುಗುಟ್ಟಬೇಕು, ಯಾರೋ ಪಿಸುಗುಟ್ಟಬೇಕು, ಮಗು ಬಿಕ್ಕಬೇಕು, ನಾಯಿ ಬೊಗಳಬೇಕು, ಒಂದಕ್ಕೂ ಪದವಿಲ್ಲ. ಆಗ ಹೆಚ್ಚಿನವರು ನಿಘಂಟಿನಿಂದ ಸದ್ದಿನ ಪದಗಳನ್ನು ಹೆಕ್ಕಿ, ಒಂದೊಂದರ ಎದುರಿಗೂ ಮನಸ್ಸಿಗೆ ಬಂದ ಅಕ್ಷರ ಜೋಡಿಸುತ್ತ ಹೋಗುತ್ತಾರೆ. ಒಂದು ಸಂಜೆಗೆ ನೂರು ಪದ ಸಿದ್ಧವಾಗುತ್ತವೆ. ಒಳಗಿರುವುದು ಮಾತ್ರ ಹಳೆಯ ಭಾಷೆಯೇ, ವೇಷ ಬದಲಾಗಿದೆ ಅಷ್ಟೆ.

ಇಲ್ಲಿ ಹೇಳುವ ದಾರಿ ಬೇರೆ. ಮೊದಲು ಪದ ಹುಟ್ಟಿಸುವ ಅಚ್ಚು, ಆಮೇಲೆ ಪದ, ಕಡೆಗೆ ಆ ಅಚ್ಚನ್ನೇ ಅಲ್ಲಲ್ಲಿ ಕೆಡಿಸುವುದು. ಉದಾಹರಣೆಗೆಂದು ‘ಲೊರು’ ಎಂಬ ಪುಟ್ಟ ಭಾಷೆಯೊಂದನ್ನು ಇಲ್ಲೇ ಕಟ್ಟುತ್ತ ಹೋಗೋಣ.

1. ಮೂರು ಗೂಡು ಮಾಡಿಕೊಳ್ಳಿ

ಸದ್ದಿಗೆ ಸಂಬಂಧಿಸಿದ ಪದಗಳೆಲ್ಲ ಒಂದೇ ಜಾತಿಯವಲ್ಲ. ಸ್ಪ್ರೆಡ್‌ಶೀಟ್‌ನಲ್ಲಿ ಮೂರು ಹಾಳೆ ತೆರೆಯಿರಿ.

ಮೊದಲನೆಯದು ಅನುಕರಣ ಪದಗಳಿಗೆ: ಢಣ್, ಪಟಪಟ, ಭುಸ್. ಇವು ಸದ್ದನ್ನು ಹೆಸರಿಸುವುದಿಲ್ಲ, ಮಾಡಿ ತೋರಿಸುತ್ತವೆ. ಎರಡನೆಯದು ಉದ್ಗಾರಗಳಿಗೆ: ಅಯ್ಯೋ, ಛೆ, ಅಬ್ಬಾ, ಉಹೂಂ. ಇವು ಒಂದೊಂದೂ ಪೂರ್ತಿ ಮಾತು; ವಾಕ್ಯದ ಹಂಗು ಇವಕ್ಕಿಲ್ಲ. ಮೂರನೆಯದು ದನಿಯ ಕ್ರಿಯಾಪದಗಳಿಗೆ: ಕೂಗು, ಗೊಣಗು, ಗುನುಗು, ನರಳು, ಚೀರು. ಇವು ವ್ಯಾಕರಣದ ಎಲ್ಲ ಕಟ್ಟಳೆಗೂ ಒಳಪಟ್ಟ ಸಾಮಾನ್ಯ ಪದಗಳು. ಕಾಲ ತೋರಿಸುತ್ತವೆ, ಕರ್ತೃವನ್ನು ಬೇಡುತ್ತವೆ, ನಿಷೇಧಕ್ಕೆ ಒಗ್ಗುತ್ತವೆ.

ಒಂದು ಪದ ಎಲ್ಲಿಗೆ ಸೇರುತ್ತದೆಂಬ ಅನುಮಾನ ಬಂದರೆ ‘ನಿನ್ನೆ ಅವಳು ... ಲಿಲ್ಲ’ ಎಂಬ ಚೌಕಟ್ಟಿನಲ್ಲಿ ಇಟ್ಟು ನೋಡಿ. ‘ಗೊಣಗಲಿಲ್ಲ’ ಸಲೀಸು. ‘ಅಯ್ಯೋಲಿಲ್ಲ’ ಅಸಾಧ್ಯ. ‘ಢಣ್’ ಅನ್ನು ಕೂರಿಸಬೇಕಾದರೆ ನಡುವೆ ‘ಎನ್ನು’ ಬೇಕು. ಈ ಮೂರು ಬಗೆಯ ವರ್ತನೆ ನಿಮ್ಮ ಭಾಷೆಯಲ್ಲೂ ಬೇರೆ ಬೇರೆಯಾಗಿರಲಿ. ಎಲ್ಲವನ್ನೂ ಕ್ರಿಯಾಪದ ಮಾಡಿಬಿಟ್ಟರೆ ಭಾಷೆಗೆ ಬಾಯಿ ಇಲ್ಲದಂತಾಗುತ್ತದೆ.

ಆರಂಭಕ್ಕೆ ಎಷ್ಟು ಪದ ಬೇಕು? ಅನುಕರಣ ಪದ 35ರಿಂದ 40, ಉದ್ಗಾರ 10ರಿಂದ 12, ದನಿಯ ಕ್ರಿಯಾಪದ 25. ಒಂದು ಕಥೆಗೆ ಇಷ್ಟು ಧಾರಾಳ.

2. ‘ಸದ್ದು’ ಎಂಬುದಕ್ಕೇ ಎಷ್ಟು ಪದ?

ಇದನ್ನು ಬೇಗ ಮುಗಿಸಬಹುದು, ಆದರೆ ಬಿಡುವಂತಿಲ್ಲ. ಕನ್ನಡದಲ್ಲಿ ಹೆಜ್ಜೆಯದು ಸಪ್ಪಳ, ಕೊರಳಿನದು ದನಿ, ಕಡಲಿನದು ಮೊರೆತ, ಜನರದು ಗದ್ದಲ, ತಂತಿಯದು ನಾದ. ಇನ್ನೊಂದು ತುದಿಯಲ್ಲಿ ಟೋಕಿ ಪೋನಾ ಇದೆ. ಸೋಂಜಾ ಲ್ಯಾಂಗ್ 2001ರಲ್ಲಿ ಹೊರತಂದ, ಸುಮಾರು 120 ಮೂಲಪದಗಳ ಆ ಭಾಷೆಯಲ್ಲಿ ‘ಕಲಾಮಾ’ ಒಂದೇ ಎಲ್ಲ ಸದ್ದಿಗೂ ಸಾಕು.

ಲೊರುವಿಗೆ ಎರಡು ಇರಲಿ: ಜೀವವಿರುವುದರ ದನಿಗೆ ‘ವಲೆ’, ಉಳಿದುದಕ್ಕೆ ‘ರೊಸು’. ಗಾಳಿಯ ಸದ್ದು ಯಾವುದರಲ್ಲಿ ಬರುತ್ತದೆ? ವಲೆ ಎಂದರೆ ಆ ಮಾತಾಡುವ ಜನ ಗಾಳಿಗೆ ಜೀವವಿದೆ ಎಂದು ತಿಳಿದವರು. ಒಂದು ಪದದ ಗಡಿ ಎಲ್ಲಿ ಬೀಳುತ್ತದೆ ಎಂಬುದರಿಂದಲೇ ಇಷ್ಟು ಹೇಳಲು ಸಾಧ್ಯ.

ಹಾಗೆಯೇ ಕೇಳುವ ಕಡೆಯ ಪದಗಳನ್ನೂ ಈಗಲೇ ನಿರ್ಧರಿಸಿ. ಸದ್ದು ಕಿವಿಗೆ ಬೀಳುವುದು, ಕಿವಿಗೊಟ್ಟು ಆಲಿಸುವುದು, ಪ್ರಶ್ನೆ ಹಾಕುವುದು: ಕನ್ನಡದ ‘ಕೇಳು’ ಈ ಮೂರಕ್ಕೂ ಕೈಯೊಡ್ಡುತ್ತದೆ. ನಿಮ್ಮ ಭಾಷೆಯೂ ಅದನ್ನೇ ಮಾಡಿದರೆ ಅದು ನಿಮ್ಮ ನಿರ್ಧಾರವೋ, ತಾಯ್ನುಡಿಯ ಅಭ್ಯಾಸ ಗೊತ್ತಿಲ್ಲದೆ ನುಸುಳಿದ್ದೋ ಎಂದು ಒಮ್ಮೆ ಪರೀಕ್ಷಿಸಿಕೊಳ್ಳಿ.

3. ಧ್ವನಿನಿಯಮಕ್ಕೆ ಒಂದೇ ಒಂದು ಕಿಂಡಿ ಬಿಡಿ

ಲೊರುವಿನ ವ್ಯಂಜನ 12: ಪ ತ ಕ ಬ ದ ಗ ಮ ನ ಸ ಲ ರ ವ. ಸ್ವರ 5: ಅ ಇ ಉ ಎ ಒ, ದೀರ್ಘವಿಲ್ಲ. ಪದದ ಕೊನೆಗೆ ಸ್ವರ ಬರಬಹುದು, ಇಲ್ಲವೇ ನ್, ರ್, ಸ್, ಬೇರೇನೂ ಸಲ್ಲದು.

ಈ ಕಟ್ಟಳೆಯಲ್ಲೇ ಉಳಿದರೆ ಥಟ್ಟನೆ ಕಡಿದ ಸದ್ದನ್ನು ಹೇಳಲಾಗುವುದಿಲ್ಲ. ಆದ್ದರಿಂದ ಅನುಕರಣ ಪದಗಳಿಗಷ್ಟೇ ಕೊನೆಯಲ್ಲಿ ಕ್ ಬರಬಹುದೆಂದು ಬಿಡೋಣ. ಇದು ಕಳ್ಳದಾರಿಯಲ್ಲ, ಎಷ್ಟೋ ಸಹಜ ಭಾಷೆಗಳು ಮಾಡುವುದು ಇದನ್ನೇ. ಅಚ್ಚಗನ್ನಡದ ಪದಗಳಲ್ಲಿ ಮಹಾಪ್ರಾಣ ಬಲು ಅಪರೂಪ, ಆದರೆ ಅನುಕರಣಕ್ಕೆ ಬಂದರೆ ಘಮ್, ಧೊಪ್, ಝಣಝಣ, ಛಟ್ ಎಂದು ಸಾಲುಗಟ್ಟುತ್ತವೆ. ಮರುಕಕ್ಕೋ ಬೇಸರಕ್ಕೋ ನಾಲಗೆಯಿಂದ ಹೊರಡಿಸುವ ‘ಚ್ಚ್‌ಚ್ಚ್’ ಕನ್ನಡ ವರ್ಣಮಾಲೆಯಲ್ಲೇ ಇಲ್ಲ. ಅದಕ್ಕೆ ‘ಲೊಚಗುಟ್ಟು’ ಎಂಬ ಕ್ರಿಯಾಪದ ಮಾತ್ರ ಗಟ್ಟಿಯಾಗಿದೆ.

ಕಿಂಡಿ ಒಂದೇ ಇರಲಿ, ಹೆಚ್ಚೆಂದರೆ ಎರಡು. ಅನುಕರಣ ಪದವೆಂಬ ನೆಪದಲ್ಲಿ ಇಡೀ ವರ್ಣಮಾಲೆಯನ್ನು ಒಳಗೆ ಬಿಟ್ಟುಕೊಂಡರೆ ಆ ಪದಗಳು ಬೇರೆ ಭಾಷೆಯಿಂದ ಉದುರಿದಂತೆ ಕಾಣುತ್ತವೆ. ಕೋಳಿ ಎಲ್ಲ ಕಡೆ ಒಂದೇ ತರ ಕೂಗಿದರೂ ಜರ್ಮನ್ನರಿಗೆ ಅದು ಕಿಕೆರಿಕಿ, ಫ್ರೆಂಚರಿಗೆ ಕೊಕೊರಿಕೊ, ಜಪಾನೀಯರಿಗೆ ಕೊಕೆಕೊಕ್ಕೊ. ಕೇಳಿದ್ದನ್ನು ಭಾಷೆ ತನ್ನ ಅಕ್ಷರಗಳ ಜರಡಿಯಲ್ಲಿ ಸೋಸುತ್ತದೆ. ಆ ಜರಡಿಯ ಗುರುತು ನಿಮ್ಮ ಪದಗಳಲ್ಲೂ ಕಾಣಬೇಕು.

ಭಾಷೆ ಮಾತಾಡುವವರು ಮನುಷ್ಯರಲ್ಲದಿದ್ದರೆ ಈ ಹಂತ ಇನ್ನೂ ಮುಖ್ಯ. ತುಟಿಯಿಲ್ಲದ ಜೀವಿಗೆ ಪ, ಬ, ಮ ಬರುವುದಿಲ್ಲ. ತುಟಿಯ ಶಿಳ್ಳೆಯೂ ಇಲ್ಲ. ಅಂಥವರ ನಿಘಂಟಿನಲ್ಲಿ ‘ಗುನುಗು’ ಎಂಬುದನ್ನು ‘ಬಾಯಿ ಮುಚ್ಚಿ ಹಾಡು’ ಎಂದು ಬರೆದರೆ ಓದುಗ ತಕ್ಷಣ ಹಿಡಿಯುತ್ತಾನೆ.

4. ಅಚ್ಚು: ಮೊದಲ ಅಕ್ಷರ, ಸ್ವರ, ಕೊನೆ

ಕೆಲಸದ ತಿರುಳು ಇಲ್ಲಿದೆ. ಒಂದು ಸದ್ದಿನಲ್ಲಿ ಕಿವಿ ಹಿಡಿಯುವುದು ಮುಖ್ಯವಾಗಿ ಮೂರನ್ನು: ಹೇಗೆ ಶುರುವಾಯಿತು, ಎಷ್ಟು ದಪ್ಪ ಅಥವಾ ತೆಳು, ಹೇಗೆ ಮುಗಿಯಿತು. ಪದದ ಮೂರು ಭಾಗಗಳಿಗೆ ಈ ಮೂರನ್ನು ಹಂಚಿ.

ಶುರುವಿನ ವ್ಯಂಜನ ಸದ್ದಿನ ಮೂಲವನ್ನು ಹೇಳಲಿ. ತ, ದ: ಗಟ್ಟಿ ವಸ್ತುವಿಗೆ ಬಿದ್ದ ಪೆಟ್ಟು. ಪ, ಬ: ಪೊಳ್ಳು ಅಥವಾ ಮೆತ್ತನೆಯ ವಸ್ತು, ಒಡೆಯುವ ಗುಳ್ಳೆ. ಕ, ಗ: ಒಣಗಿದ್ದು, ಮುರಿಯುವುದು, ಕೆರೆಯುವುದು. ಸ: ಗಾಳಿ, ಆವಿ. ಲ: ನೀರು. ಮ: ಮುಚ್ಚಿದ, ಒಳಗೇ ಉಳಿದ ಸದ್ದು. ಜೋಡಿಗಳಲ್ಲಿ ಪ ತ ಕ ಹಗುರ, ಬ ದ ಗ ಭಾರ. ಜಪಾನಿ ಭಾಷೆ ಈ ಜೋಡಿಯನ್ನು ಚೆನ್ನಾಗಿ ದುಡಿಸಿಕೊಂಡಿದೆ: ಸಣ್ಣದು ಉರುಳಿದರೆ ಕೊರೊಕೊರೊ, ಬಂಡೆಯಂಥದ್ದು ಉರುಳಿದರೆ ಗೊರೊಗೊರೊ.

ನಡುವಿನ ಸ್ವರ ಗಾತ್ರ ಹೇಳಲಿ. ಇ ತೆಳು, ಚೂಪು. ಅ ಸಾಧಾರಣ, ತೆರೆದದ್ದು. ಉ ಮಂದ, ಮುಸುಕು ಹಾಕಿದಂಥದ್ದು. ಒ ದೊಡ್ಡದು, ಮೊಳಗುವುದು. ಎ ಖಾಲಿ ಇರಲಿ; ಮುಂದೆ ಯಾವಾಗಲಾದರೂ ಬೇಕಾದೀತು. ಇದಕ್ಕೆ ಆಧಾರವಿಲ್ಲದಿಲ್ಲ. ಭಾಷಾವಿಜ್ಞಾನಿ ಎಡ್ವರ್ಡ್ ಸಪೀರ್ 1929ರಲ್ಲಿ ‘ಮಿಲ್’, ‘ಮಾಲ್’ ಎಂಬ ಅರ್ಥವಿಲ್ಲದ ಪದಗಳನ್ನು ಕೊಟ್ಟು ಯಾವುದು ದೊಡ್ಡ ಮೇಜು ಎಂದು ಕೇಳಿದಾಗ ಹೆಚ್ಚಿನವರು ‘ಮಾಲ್’ ಎಂದರು. ವಿ. ಎಸ್. ರಾಮಚಂದ್ರನ್ ಮತ್ತು ಎಡ್ವರ್ಡ್ ಹಬರ್ಡ್ 2001ರಲ್ಲಿ ಬರೆದ ಬೂಬಾ–ಕಿಕಿ ಪ್ರಯೋಗವೂ ಇದೇ ಜಾಡಿನದು. ಮೊನಚು ಆಕೃತಿ ಕಿಕಿ, ದುಂಡನೆಯದು ಬೂಬಾ ಎಂಬ ಉತ್ತರವೇ ಹೆಚ್ಚು ಬರುತ್ತದೆ.

ಕೊನೆಯ ವ್ಯಂಜನ ಸದ್ದು ಮುಗಿದ ರೀತಿ ಹೇಳಲಿ. ಕ್ ಕಡಿದದ್ದು. ನ್ ಅನುರಣಿಸುತ್ತ ಉಳಿದದ್ದು. ರ್ ಗೊರಗೊರನೆ ಮುಂದುವರಿದದ್ದು. ಸ್ ಕರಗಿ ಹೋದದ್ದು.

ಈಗ ಅಚ್ಚು ತಿರುಗಿಸಿ. ತಿಕ್: ಗಾಜಿಗೆ ಉಗುರು ತಾಗಿದ್ದು. ತಿನ್: ತೆಳು ಲೋಹದ ತುಣುಕು ಬಿದ್ದದ್ದು. ದೊನ್: ದೊಡ್ಡ ಗಂಟೆ. ದುಕ್: ಮುಚ್ಚಿದ ಬಾಗಿಲಾಚೆ ಭಾರದ ಪೆಟ್ಟಿಗೆ ಬಿದ್ದದ್ದು. ಪಿಕ್: ಗುಳ್ಳೆ ಒಡೆದದ್ದು. ಕರ್: ಒಣಗಿದ ಎಲೆಯ ಮೇಲೆ ಕಾಲು ಎಳೆದದ್ದು. ಗೊರ್: ಬಂಡೆಯ ಮೇಲೆ ಬಂಡೆ ಉಜ್ಜಿದ್ದು. ಸಿಸ್: ಸಣ್ಣ ಕಿಂಡಿಯಿಂದ ಆವಿ. ಲಿಕ್: ಒಂದೇ ಹನಿ. ಲುರ್: ಕಿರಿದಾದ ಕೊರಳಿನ ಹೂಜಿಯಿಂದ ನೀರು ಬಗ್ಗಿಸಿದ್ದು. ಒಂಬತ್ತು ಮೊದಲಕ್ಷರ, ನಾಲ್ಕು ಸ್ವರ, ನಾಲ್ಕು ಕೊನೆ. ಒಟ್ಟು 144 ಮನೆ. ಅದರಲ್ಲಿ 35–40 ತುಂಬಿ, ಉಳಿದವು ಖಾಲಿ ಬಿದ್ದಿರಲಿ. ಎಲ್ಲ ಮನೆ ತುಂಬಿದ ಕೋಷ್ಟಕ ಭಾಷೆಯಂತೆ ಕಾಣುವುದಿಲ್ಲ, ಮಗ್ಗಿಯಂತೆ ಕಾಣುತ್ತದೆ.

ಇನ್ನು ದ್ವಿರುಕ್ತಿ. ಸದ್ದು ಮತ್ತೆ ಮತ್ತೆ ಬಂದರೆ ಪದವೂ ಮತ್ತೆ ಬರುವುದು ಸಹಜ. ಆದರೆ ತಿಕ್ ಅನ್ನು ಇಮ್ಮಡಿಸಿದರೆ ‘ತಿಕ್ತಿಕ್’; ಪದದ ನಡುವೆ ಕ್‌ಗೆ ಲೊರುವಿನಲ್ಲಿ ಜಾಗವಿಲ್ಲ. ಹಾಗಾಗಿ ಮೊದಲ ತುಣುಕಿನ ಕ್ ಬಿದ್ದುಹೋಗಲಿ: ತಿತಿಕ್, ದುದುಕ್, ಲಿಲಿಕ್. ನ್ ಇದ್ದರೆ ಉಳಿಯುತ್ತದೆ: ದೊಂದೊನ್. ಇಂಥ ಸಣ್ಣ ಸವೆತವೇ ಪದಕ್ಕೆ ಬಳಕೆಯ ಹೊಳಪು ಕೊಡುವುದು. ಸದ್ದು ಒಂದೇ ಸಮ ಬಾರದೆ ಅಡ್ಡಾದಿಡ್ಡಿ ಬಂದರೆ ಎರಡನೆಯ ಸ್ವರ ಬದಲಿಸಿ: ತಿತಕ್, ಲಿಲುಕ್. ತಿತಿಕ್ ಎಂದರೆ ಗಡಿಯಾರ, ತಿತಕ್ ಎಂದರೆ ಮೇಜಿನ ಮೇಲೆ ಚೆಲ್ಲಾಪಿಲ್ಲಿಯಾದ ಮಣಿಗಳು.

ಇಲ್ಲಿ ಆಗುವ ದೊಡ್ಡ ತಪ್ಪೆಂದರೆ ಈ ಅಚ್ಚಿನ ರುಚಿ ಹತ್ತಿ ಇಡೀ ಪದಪಟ್ಟಿಯನ್ನು ಇದರಲ್ಲೇ ಎರಕ ಹೊಯ್ಯುವುದು. ಸಣ್ಣದಕ್ಕೆಲ್ಲ ಇ, ದೊಡ್ಡದಕ್ಕೆಲ್ಲ ಒ ಆದರೆ ಭಾಷೆ ಆಟಿಕೆಯಾಗುತ್ತದೆ. ಕನ್ನಡದಲ್ಲಿ ಕಿರಿಯದರಲ್ಲೂ ಇ, ಹಿರಿಯದರಲ್ಲೂ ಇ. ಅಚ್ಚು ಅನುಕರಣ ಪದಗಳ ಹಾಳೆ ದಾಟದಿರಲಿ.

5. ವಾಕ್ಯದೊಳಗೆ ಹೊಗಿಸುವ ಬಗೆ

ಪದ ಕಟ್ಟಿ ವಾಕ್ಯದಲ್ಲಿ ಎಲ್ಲಿಡಬೇಕೆಂದು ಹೇಳದೆ ಬಿಡುವುದು ಬಹುತೇಕರ ಕೊರತೆ. ಕನ್ನಡದ ಉಪಾಯ ಎಲ್ಲರಿಗೂ ಗೊತ್ತಿದ್ದೂ ಗಮನಕ್ಕೆ ಬಾರದಂಥದ್ದು: ‘ಎನ್ನು’. ಬಾಗಿಲು ದಡ್ ಎಂದಿತು, ದಡಾರೆಂದು ಮುಚ್ಚಿತು, ಥಟ್ಟನೆ, ಫಕ್ಕನೆ, ಸರ್ರನೆ ಎಂಬವುಗಳ ಬಾಲದಲ್ಲೂ ಅದೇ ಧಾತು ಅಡಗಿದೆ. ಸದ್ದನ್ನು ವಸ್ತುವಿನ ಮಾತು ಎಂದು ಭಾವಿಸಿ ಉಲ್ಲೇಖಿಸುವ ಕ್ರಮ ಇದು. ಜಗತ್ತಿನ ಬೇರೆ ಬೇರೆ ಮೂಲೆಯ ಭಾಷೆಗಳಲ್ಲೂ ‘ಹೇಳು’, ‘ಮಾಡು’ ಎಂಬ ಅರ್ಥದ ಕ್ರಿಯಾಪದಗಳೇ ಈ ಹೊಣೆ ಹೊತ್ತಿವೆ.

ಲೊರುವಿನಲ್ಲಿ ‘ನೆ’ ಎಂದರೆ ಹೇಳು. ಗಂಟೆಗೆ ‘ರಮಿ’ ಎನ್ನೋಣ. ‘ರಮಿ ದೊನ್ ನೆ’: ಗಂಟೆ ದೊನ್ ಎಂದಿತು. ಇಲ್ಲಿ ದೊನ್ ಇನ್ನೂ ಹಸಿ ಸದ್ದು. ಬಹಳ ಬಳಕೆಯಾದ ಸದ್ದುಗಳು ನಿಜವಾದ ಕ್ರಿಯಾಪದಗಳಾಗಲಿ. ಅದಕ್ಕೆ ಒಳಗಿನ ಸ್ವರವನ್ನು ಕೊನೆಯಲ್ಲಿ ಮರುಕಳಿಸಿ ‘ವ’ ಸೇರಿಸಿ. ದೊನ್, ದೊನೊವ: ಮೊಳಗು. ತಿಕ್, ತಿಕಿವ: ಟಿಕ್ ಎನ್ನುತ್ತಿರು. ಸಿಸ್, ಸಿಸಿವ: ಸೀಳುಗಾಳಿಯಂತೆ ಸದ್ದು ಮಾಡು. ನಾಮಪದಕ್ಕೆ ‘ಲ’: ದೊನೊಲ, ತಿಕಿಲ. ಗಮನಿಸಿ, ಕೊನೆಯ ಕ್ ಈಗ ಎರಡು ಸ್ವರಗಳ ನಡುವೆ ಬಂದು ಕಟ್ಟಳೆಗೆ ಒಳಗಾಯಿತು. ಕಿಂಡಿಯಿಂದ ನುಗ್ಗಿದ ಪದ ಮನೆಮಂದಿಯಾಯಿತು.

ನಿಷೇಧದ ವಿಚಾರದಲ್ಲಿ ಒಂದು ಮಾತು. ಅನುಕರಣ ಪದಗಳು ಸಹಜ ಭಾಷೆಗಳಲ್ಲಿ ನಿಷೇಧ ವಾಕ್ಯಕ್ಕೆ ಅಷ್ಟಾಗಿ ಇಳಿಯುವುದಿಲ್ಲ. ಆಗದ ಸದ್ದನ್ನು ಅಭಿನಯಿಸುವುದಾದರೂ ಏಕೆ? ಆದ್ದರಿಂದ ಲೊರುವಿನಲ್ಲಿ ‘ದೊನ್ ನೆ’ಗೆ ನಿಷೇಧ ರೂಪವೇ ಬೇಡ. ಗಂಟೆ ಬಾರಿಸಲಿಲ್ಲ ಎನ್ನಲು ‘ದೊನೊವ’ವನ್ನೇ ಬಳಸಬೇಕು. ಇಂಥ ಒಂದು ನಿರ್ಬಂಧ ಹತ್ತು ಹೊಸ ಪದಕ್ಕಿಂತ ಹೆಚ್ಚು ಬೆಲೆಬಾಳುತ್ತದೆ.

ಈ ಪದಗಳು ಸದ್ದಿಗಷ್ಟೇ ನಿಲ್ಲಬೇಕಿಲ್ಲ. ಭಾಷಾವಿಜ್ಞಾನಿ ಮಾರ್ಕ್ ಡಿಂಗೆಮಾನ್ಸೆ 2012ರಲ್ಲಿ ಒಂದು ಏಣಿ ಸೂಚಿಸಿದರು. ಕೆಳಗಿನಿಂದ ಮೇಲಕ್ಕೆ: ಸದ್ದು, ಚಲನೆ, ಕಣ್ಣಿಗೆ ಕಾಣುವುದು, ಉಳಿದ ಇಂದ್ರಿಯಗಳು, ಒಳಗಿನ ಭಾವ. ಮೇಲಿನ ಮೆಟ್ಟಿಲಿಗೆ ಇಂಥ ಪದಗಳಿರುವ ಭಾಷೆಯಲ್ಲಿ ಕೆಳಗಿನವಕ್ಕೂ ಇರುತ್ತವೆ ಎಂಬುದು ಅದರ ಸಾರ. ಕನ್ನಡ ಇಡೀ ಏಣಿ ಹತ್ತಿದೆ: ದಡ್ ಎಂದಿತು, ಸರ್ರನೆ ಸರಿದ, ಥಳಥಳ ಹೊಳೆಯಿತು, ಘಮ್ಮೆಂದಿತು, ಎದೆ ಧಸಕ್ಕೆಂದಿತು. ನಿಮ್ಮ ಭಾಷೆ ಎಷ್ಟು ಮೆಟ್ಟಿಲು ಹತ್ತಬೇಕೆಂದು ನೀವೇ ಹೇಳಿ, ಆದರೆ ನಡುವೆ ಮೆಟ್ಟಿಲು ಹಾರಬೇಡಿ. ಲೊರು ಎರಡು ಹತ್ತಲಿ: ಸಿಸ್ ಎಂದರೆ ವೇಗವಾಗಿ ಹಾದುಹೋದದ್ದೂ ಹೌದು, ದುಕ್ ಎಂದರೆ ಥಟ್ಟನೆ ನಿಂತದ್ದೂ ಹೌದು.

6. ಕೊರಳಿನ ಕೆಲಸಗಳು

ದನಿಯ ಕ್ರಿಯಾಪದಗಳನ್ನು ಪಟ್ಟಿ ನೋಡಿ ಕಟ್ಟಬೇಡಿ, ದೇಹ ನೋಡಿ ಕಟ್ಟಿ. ಪ್ರತಿ ಕ್ರಿಯೆಗೂ ಐದು ಪ್ರಶ್ನೆ ಹಾಕಿ: ಅದರಲ್ಲಿ ಮಾತಿದೆಯೇ? ಬೇಕೆಂದೇ ಮಾಡಿದ್ದೇ, ತಾನಾಗಿ ಬಂದದ್ದೇ? ಧ್ವನಿತಂತುಗಳು ಕಂಪಿಸುತ್ತವೆಯೇ? ಬಾಯಿ ತೆರೆದಿದೆಯೇ? ಗಾಳಿ ಹೊರಗೆ ಹೋಗುತ್ತಿದೆಯೇ, ಒಳಗೆ ಬರುತ್ತಿದೆಯೇ?

ಪಿಸುಗುಟ್ಟುವುದರಲ್ಲಿ ಮಾತಿದೆ, ಇಚ್ಛೆಯಿದೆ, ಕಂಪನವಿಲ್ಲ. ಗುನುಗುವುದರಲ್ಲಿ ಕಂಪನವಿದೆ, ಬಾಯಿ ಮುಚ್ಚಿದೆ, ಗಾಳಿ ಮೂಗಿನಿಂದ ಹೋಗುತ್ತದೆ. ಗುನುಗುತ್ತಿರುವಾಗ ಮೂಗು ಹಿಡಿದರೆ ದನಿ ಅಲ್ಲಿಗೇ ನಿಲ್ಲುವುದು ಅದಕ್ಕೇ. ಬಿಕ್ಕಳಿಕೆ ತಾನಾಗಿ ಬರುತ್ತದೆ, ಗಾಳಿ ಒಳಗೆ ನುಗ್ಗುವಾಗ ಧ್ವನಿದ್ವಾರ ತಟ್ಟನೆ ಮುಚ್ಚಿಕೊಳ್ಳುತ್ತದೆ. ಕೆಮ್ಮು ಇದಕ್ಕೆ ತಿರುಗುಮುರುಗು: ದ್ವಾರ ಮೊದಲೇ ಮುಚ್ಚಿ, ಒತ್ತಡ ಕೂಡಿ, ಗಾಳಿ ಹೊರಗೆ ಸಿಡಿಯುತ್ತದೆ. ಲೊಚಗುಟ್ಟುವುದಕ್ಕೆ ಶ್ವಾಸಕೋಶದ ಗಾಳಿಯೇ ಬೇಡ, ನಾಲಗೆಯೊಂದೇ ಸಾಕು.

ಈ ಐದರಲ್ಲಿ ಯಾವುದು ನಿಮ್ಮ ಭಾಷೆಗೆ ಮುಖ್ಯವೋ ಅದನ್ನು ವ್ಯಾಕರಣಕ್ಕೆ ಕಟ್ಟಿ. ಲೊರು ಎರಡನೆಯ ಪ್ರಶ್ನೆಯನ್ನು ಆರಿಸಿಕೊಳ್ಳಲಿ: ತಾನಾಗಿ ಬಂದದ್ದಕ್ಕೆಲ್ಲ ‘ವ’ದ ಬದಲು ‘ಮ’. ಹಾಗಿದ್ದರೆ ‘ಕಕ್’ನಿಂದ ಎರಡು ಪದ ಹುಟ್ಟುತ್ತವೆ. ಕಕಮ: ಕೆಮ್ಮು ಬಂತು. ಕಕವ: ಬೇಕೆಂದೇ ಕೆಮ್ಮಿದ, ಅಂದರೆ ‘ನಾನಿಲ್ಲಿದ್ದೇನೆ’ ಎಂದು ಸೂಚಿಸಿದ. ಕನ್ನಡ ಇದಕ್ಕೆ ಪೂರ್ತಿ ವಾಕ್ಯ ಖರ್ಚು ಮಾಡಬೇಕು. ಲೊರುವಿಗೆ ಒಂದಕ್ಷರ ಸಾಕು. ನಗುವನ್ನೂ ಅಳುವನ್ನೂ ಇದೇ ಜೋಡಿಯಲ್ಲಿ ಇಟ್ಟು ನೋಡಿ: ಉಕ್ಕಿ ಬಂದ ನಗು, ತೋರಿಕೆಗೆ ನಕ್ಕ ನಗು.

ನಗುವಿನ ಬಳಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಹೆಚ್ಚು ಜನ ಎಡವುವುದು ಅಲ್ಲಿ. ಎಸ್ಪೆರಾಂಟೊ, 1887ರಲ್ಲಿ ಜಾಮೆನ್‌ಹಾಫ್ ಪ್ರಕಟಿಸಿದ ಭಾಷೆ, ಒಂದು ಧಾತುವಿಗೆ ಪ್ರತ್ಯಯ ಹಚ್ಚುತ್ತ ಹೋಗುತ್ತದೆ. ರಿದಿ: ನಗು. ರಿದೆತಿ: ಚಿಕ್ಕದಾಗಿ ನಗು, ಅಂದರೆ ಮುಗುಳ್ನಗು. ರಿದೆಗಿ: ಗಹಗಹಿಸು. ಎಕ್ರಿದಿ: ಥಟ್ಟನೆ ನಗತೊಡಗು. ಇದೇ ಸರಣಿ ಅಳುವಿಗೂ ಕೂಗಿಗೂ ಸಲ್ಲುವುದರಿಂದ ಕಲಿಯುವವರಿಗೆ ಹಗುರ. ಕನ್ನಡ ಇನ್ನೊಂದು ದಾರಿ ಹಿಡಿದಿದೆ. ಕ್ರಿಯಾಪದ ಒಂದೇ, ಮುಂದೆ ಅನುಕರಣ ಪದ ಬದಲಾಗುತ್ತದೆ: ಕಿಲಕಿಲ, ಮುಸಿಮುಸಿ, ಕಿಸಕ್ಕನೆ, ಗಹಗಹಿಸಿ. ಮೂರನೆಯ ದಾರಿ ಬೇರೆ ಬೇರೆ ಧಾತುಗಳದ್ದು. ‘ಸ್ಟಾರ್ ಟ್ರೆಕ್’ ಚಿತ್ರಗಳಿಗೆಂದು ಮಾರ್ಕ್ ಓಕ್ರಾಂಡ್ ಕಟ್ಟಿದ ಕ್ಲಿಂಗಾನ್ ಭಾಷೆಯಲ್ಲಿ ನಗುವುದಕ್ಕೂ ಮುಗುಳ್ನಗುವುದಕ್ಕೂ ಸಂಬಂಧವೇ ಇಲ್ಲದ ಎರಡು ಪದಗಳಿವೆ.

ಮುಗುಳ್ನಗೆ ಎಂದರೆ ಸಣ್ಣ ನಗು ಎಂದು ಕನ್ನಡಕ್ಕೂ ಎಸ್ಪೆರಾಂಟೊಗೂ ಅನ್ನಿಸಿದೆ. ಆದರೆ ಮುಗುಳ್ನಗೆಗೆ ಸದ್ದೇ ಇಲ್ಲ! ಅದು ಮುಖದ ಕೆಲಸ, ಕೊರಳಿನದಲ್ಲ. ನಿಮ್ಮ ಭಾಷೆ ಯಾವ ಪಕ್ಷ? ಹೀಗೆ ಒಂದನ್ನು ತೀರ್ಮಾನಿಸಿದರೆ ಮುಖ ಸಿಂಡರಿಸುವುದು, ಕಣ್ಣೀರು ತುಂಬುವುದು, ಬಾಯಿಬಿಟ್ಟು ಬೆರಗಾಗುವುದು ಎಲ್ಲವೂ ತಂತಮ್ಮ ಜಾಗ ಹುಡುಕಿಕೊಳ್ಳುತ್ತವೆ.

ಕಡೆಗೊಂದು ವ್ಯಾಕರಣದ ಪರೀಕ್ಷೆ: ಯಾವ ಕ್ರಿಯಾಪದ ಉಲ್ಲೇಖವನ್ನು ಹೊರಬಲ್ಲದು? ‘ಬಾ ಎಂದು ಪಿಸುಗುಟ್ಟಿದಳು’ ಸರಿ. ‘ಬಾ ಎಂದು ಗೊಣಗಿದಳು’ ಸರಿ. ‘ಬಾ ಎಂದು ಕೆಮ್ಮಿದಳು’ ಸಲ್ಲದು. ‘ಬಾ ಎಂದು ನಕ್ಕಳು’ ಎಂಬುದನ್ನು ಕೆಲವರು ಒಪ್ಪುತ್ತಾರೆ, ಕೆಲವರು ಮೂಗು ಮುರಿಯುತ್ತಾರೆ. ನಿಮ್ಮ 25 ಕ್ರಿಯಾಪದಗಳ ಎದುರೂ ಹೌದು, ಇಲ್ಲ ಎಂದು ಗುರುತು ಹಾಕಿ.

7. ಪ್ರಾಣಿಗಳು

ಪ್ರತಿ ಪ್ರಾಣಿಗೂ ಒಂದು ಕೂಗಿನ ಪದ ಬೇಕೆಂಬುದು ಭ್ರಮೆ. ಎಸ್ಪೆರಾಂಟೊದಲ್ಲಿ ಬೊಗಳು (ಬೋಯಿ), ಮಿಯಾಂವ್ ಎನ್ನು (ಮಿಯಾವಿ) ಮುಂತಾದ ವಿಶೇಷ ಪದಗಳ ಜೊತೆಗೆ ಯಾವ ಪ್ರಾಣಿಯ ಕೂಗಿಗಾದರೂ ಸಲ್ಲುವ ‘ಬ್ಲೆಕಿ’ ಇದೆ. ಟೋಕಿ ಪೋನಾದಲ್ಲಿ ‘ಮು’ ಒಂದೇ ಎಲ್ಲವನ್ನೂ ನಿಭಾಯಿಸುತ್ತದೆ. ನಿಮ್ಮ ಜನರ ಬದುಕಿಗೆ ಹತ್ತಿರವಾದ ನಾಲ್ಕೈದು ಪ್ರಾಣಿಗಳಿಗೆ ವಿಶೇಷ ಪದ, ಉಳಿದವಕ್ಕೆಲ್ಲ ಒಂದು ಸಾಮಾನ್ಯ ಪದ ಸಾಕು. ಕೂಗಿನಿಂದಲೇ ಪ್ರಾಣಿಗೆ ಹೆಸರು ಬರುವುದೂ ಉಂಟು, ‘ಕಾ’ ಎನ್ನುವ ಕಾಗೆಯಂತೆ. ಒಂದೆರಡಕ್ಕೆ ಹಾಗೆ ಮಾಡಿ. ಎಲ್ಲಕ್ಕೂ ಮಾಡಿದರೆ ಶಿಶುಗೀತೆಯಾಗುತ್ತದೆ.

8. ಉದ್ಗಾರಗಳು

ಹತ್ತು ಸಾಕು ಎಂದೆವು. ನೋವು, ಬೆರಗು, ಅಸಹ್ಯ, ಮೆಚ್ಚುಗೆ, ಮರುಕ, ಹೌದು, ಇಲ್ಲ, ‘ಇಲ್ಲಿ ನೋಡು’, ‘ಸುಮ್ಮನಿರು’, ‘ಏನಂದೆ?’ ಇಷ್ಟು ಮೊದಲು. ಕೊನೆಯದರ ಬಗ್ಗೆ ಎಚ್ಚರವಿರಲಿ. ಕೇಳಿಸದಿದ್ದಾಗ ‘ಆಂ?’ ಎನ್ನುವ ಪುಟ್ಟ ಪ್ರಶ್ನೆ ಪರಸ್ಪರ ನಂಟಿಲ್ಲದ ಭಾಷೆಗಳಲ್ಲೂ ಹೆಚ್ಚುಕಡಿಮೆ ಒಂದೇ ತರ ಇರುತ್ತದೆಂದು ಡಿಂಗೆಮಾನ್ಸೆ, ಟೊರೆಯ್ರಾ ಮತ್ತು ಎನ್‌ಫೀಲ್ಡ್ 2013ರಲ್ಲಿ ತೋರಿಸಿದರು. ಒಂದೇ ಅಕ್ಷರ, ತೆರೆದ ಅಥವಾ ನಡುವಿನ ಸ್ವರ, ಪ್ರಶ್ನೆಯ ರಾಗ. ಮನುಷ್ಯರಾಡುವ ಭಾಷೆಯಾದರೆ ಇದಕ್ಕೆ ಮೂರು ಅಕ್ಷರದ ಪದ ಕೊಡಬೇಡಿ. ಮಾತು ಕೈತಪ್ಪಿದ ಗಳಿಗೆಯಲ್ಲಿ ಅಷ್ಟುದ್ದ ಪದ ಯಾರೂ ಆಡುವುದಿಲ್ಲ.

ಎಲ್ಲವನ್ನೂ ಕ್ರಮಕ್ಕೆ ತಂದ ಭಾಷೆ ಬೇಕಿದ್ದರೆ ತರ್ಕದ ಕಟ್ಟಳೆಯ ಮೇಲೆ ಕಟ್ಟಿದ ಲೊಜ್ಬಾನ್ ನೋಡಿ. ಅಲ್ಲಿ ಭಾವಗಳಿಗೆ ಕಿರುಪದಗಳಿವೆ: ಸಂತೋಷಕ್ಕೆ ‘ವೀ’, ಗೋಳಿಗೆ ‘ಓಯ್’. ಹಿಂದೆ ಶೈ ಸೇರಿಸಿದರೆ ತೀವ್ರ, ರುಹೆ ಸೇರಿಸಿದರೆ ಮಂದ, ನೈ ಸೇರಿಸಿದರೆ ತದ್ವಿರುದ್ಧ. ‘ವೀ ನೈ’ ಎಂದರೆ ದುಃಖ. ಜಾಣತನವೇನೋ ಹೌದು. ಆದರೆ ಕಾಲಿಗೆ ಕಲ್ಲು ತಾಗಿದಾಗ ಪ್ರತ್ಯಯ ಲೆಕ್ಕ ಹಾಕುವ ವ್ಯವಧಾನ ಇರುತ್ತದೆಯೇ ಎಂದು ಯೋಚಿಸಿ. ತರ್ಕದ ಭಾಷೆಗೆ ಅದು ಒಪ್ಪುತ್ತದೆ. ಕಥೆಯ ಪಾತ್ರಗಳಿಗೆ ಅಷ್ಟಾಗಿ ಒಪ್ಪದು.

ಬರಹದ ಪ್ರಶ್ನೆಯೊಂದನ್ನು ಇಲ್ಲೇ ಬಗೆಹರಿಸಿ: ಎಳೆದು ಹೇಳುವುದನ್ನು ಹೇಗೆ ಬರೆಯುತ್ತೀರಿ? ಕನ್ನಡದಲ್ಲಿ ‘ಅಯ್ಯೋಽಽ’ ಎಂದು ಅವಗ್ರಹ ಹಾಕುವ ರೂಢಿಯಿದೆ. ಲೊರುವಿನಲ್ಲಿ ದೀರ್ಘಸ್ವರ ಇಲ್ಲ, ಆದರೂ ಉದ್ಗಾರದಲ್ಲಿ ಎಳೆತ ಇರಲೇಬೇಕು. ಅದಕ್ಕೊಂದು ಗುರುತು ಮಾಡಿ, ಬೇರೆಲ್ಲೂ ಬಳಸಬೇಡಿ.

9. ಹಳತು ಮಾಡಿ

ನಿನ್ನೆ ಕಟ್ಟಿದ ಪದಗಳೆಲ್ಲ ಒಂದೇ ಹೊಳಪಿನಲ್ಲಿದ್ದರೆ ಭಾಷೆಗೆ ವಯಸ್ಸೇ ಇಲ್ಲ. ಎಂಟರಿಂದ ಹತ್ತು ಪದ ಆರಿಸಿ ಧ್ವನಿಬದಲಾವಣೆಯ ಗಿರಣಿಗೆ ಹಾಕಿ. ಲೊರುವಿನಲ್ಲಿ ಎರಡು ಸ್ವರಗಳ ನಡುವಿನ ಕ ಮೊದಲು ಗ ಆಗಿ, ಆಮೇಲೆ ಇಲ್ಲವಾಯಿತು ಎನ್ನೋಣ. ತಿಕಿವ, ತಿಗಿವ, ತಿವ. ಸದ್ದು ಅಳಿಸಿಹೋದ ಮೇಲೆ ಅರ್ಥವೂ ಅಲೆಯತೊಡಗುತ್ತದೆ: ಟಿಕ್ ಎನ್ನು, ಒಂದೊಂದಾಗಿ ಬಡಿ, ಎಣಿಸು. ಇಂದಿನ ಲೊರುವಿನಲ್ಲಿ ‘ತಿವ’ ಎಂದರೆ ಎಣಿಸು. ಅದು ಒಮ್ಮೆ ಸದ್ದಾಗಿತ್ತೆಂಬುದು ಆಡುವವರಿಗೇ ಗೊತ್ತಿಲ್ಲ. ಆದರೆ ಹಸಿ ಸದ್ದು ‘ತಿಕ್’ ಹಾಗೇ ಉಳಿದಿದೆ, ಅದರಿಂದ ಮತ್ತೆ ಹೊಸ ‘ತಿಕಿವ’ ಹುಟ್ಟಿದೆ. ಹೀಗೆ ಅಜ್ಜನೂ ಮೊಮ್ಮಗನೂ ಒಂದೇ ಮನೆಯಲ್ಲಿ.

ಸಹಜ ಭಾಷೆಗಳಲ್ಲಿ ಎರಡೂ ಕಾಣಸಿಗುತ್ತವೆ. ಚಿಲಿಪಿಲಿಗುಟ್ಟುವ ಮರಿಹಕ್ಕಿಗೆ ಲ್ಯಾಟಿನ್‌ನಲ್ಲಿದ್ದ ‘ಪಿಪಿಯೊ’ ಎಂಬ ಅನುಕರಣ ಪದವೇ ಸವೆದು ಫ್ರೆಂಚಿನಲ್ಲಿ ಪಾರಿವಾಳದ ಹೆಸರು ‘ಪಿಜೋಂ’ ಆಯಿತು. ಈಗ ಅದರಲ್ಲಿ ಹಕ್ಕಿಯ ದನಿ ಕೇಳಿಸುವುದಿಲ್ಲ. ಕನ್ನಡದಲ್ಲಿ ಪಾಲು ಹಾಲಾಯಿತು, ಪೂವು ಹೂವಾಯಿತು, ಆದರೆ ಪಟಪಟ ‘ಹಟಹಟ’ವಾಗಲಿಲ್ಲ. ಅನುಕರಣ ಪದಗಳು ಬದಲಾವಣೆಗೆ ಎದುರು ನಿಲ್ಲುತ್ತವೆ, ಇಲ್ಲವೇ ಸೋತ ಮೇಲೆ ಹೊಸದಾಗಿ ಹುಟ್ಟುತ್ತವೆ.

10. ನಮೂದು ಬರೆಯುವುದು, ಕಿವಿಗೆ ಒಡ್ಡುವುದು

ನಿಘಂಟಿನಲ್ಲಿ ‘ಲುರ್: ಗುಳುಗುಳು’ ಎಂದಿಷ್ಟೇ ಬರೆದರೆ ಆರು ತಿಂಗಳ ಮೇಲೆ ನಿಮಗೇ ಅದು ಅರ್ಥವಾಗದು. ಪೂರ್ತಿ ನಮೂದು ಹೀಗಿರಲಿ:

*ಲುರ್. ಅನುಕರಣ ಪದ. ಕಿರಿದಾದ ದ್ವಾರದಿಂದ ನೀರು ತಡೆತಡೆದು ಬೀಳುವ ಮಂದ ಸದ್ದು. ‘ನೆ’ ಜೊತೆ. ದ್ವಿರುಕ್ತಿ: ಲುರ್ಲುರ್. ಕ್ರಿಯಾಪದ: ಲುರುವ. ಚಲನೆಗೆ ಸಲ್ಲದು. ತೆರೆದ ಹೊಳೆಗೆ ಬಳಸಬಾರದು, ಅದಕ್ಕೆ ‘ಲಸ್’. ಹೊಟ್ಟೆಯ ಸದ್ದಿಗೂ ಬಳಕೆ, ಆಗ ಲುರುಮ.*

‘ಬಳಸಬಾರದು’ ಎಂಬ ಸಾಲು ಮುಖ್ಯ. ಪದದ ಬೇಲಿ ತಿಳಿಯುವುದು ಅಲ್ಲಿ.

ಇನ್ನು ಕಿವಿಯ ಪರೀಕ್ಷೆ. ಭಾಷೆ ಗೊತ್ತಿಲ್ಲದ ಒಬ್ಬರನ್ನು ಕೂರಿಸಿ 12 ಅನುಕರಣ ಪದ ಗಟ್ಟಿಯಾಗಿ ಓದಿ. ಪ್ರತಿಯೊಂದಕ್ಕೂ ನಾಲ್ಕು ಅರ್ಥ ಕೊಟ್ಟು ಒಂದನ್ನು ಆರಿಸಲು ಹೇಳಿ. ಬರೀ ಊಹೆಯಲ್ಲೇ ಮೂರರಷ್ಟು ಸರಿಯಾಗುತ್ತವೆ. ಆರೋ ಏಳೋ ಸರಿಯಾದರೆ ಅಚ್ಚು ಹದವಾಗಿದೆ. ಮೂರಕ್ಕೇ ನಿಂತರೆ ಸ್ವರಗಳ ಅಥವಾ ಕೊನೆಗಳ ಹಂಚಿಕೆ ಕಿವಿಗೆ ದಕ್ಕುತ್ತಿಲ್ಲ ಎಂದರ್ಥ. ಇ ಮತ್ತು ಉ ಜೋಡಿಯಿಂದ ಶುರುಮಾಡಿ ಅಂತರ ಹೆಚ್ಚಿಸಿ. ಹನ್ನೆರಡೂ ಸರಿಯಾದರೆ ಹಿಗ್ಗಬೇಡಿ. ನಿಮ್ಮಿಬ್ಬರ ತಾಯ್ನುಡಿಯ ಟಣ್, ಢಣ್‌ಗಳೇ ಹೊಸ ಬಟ್ಟೆ ತೊಟ್ಟು ಬಂದಿರುವ ಸಾಧ್ಯತೆ ಹೆಚ್ಚು; ಅಂಥವನ್ನು ಹುಡುಕಿ ಬದಲಿಸಿ.

ಓದುವಾಗ ನಾಲಗೆ ತೊಡರುವುದನ್ನೂ ಬರೆದಿಟ್ಟುಕೊಳ್ಳಿ. ತಿತಿಕ್, ತಿತಕ್ ಎರಡೂ ಬೇಗ ಓದಿದರೆ ಒಂದೇ ತರ ಕೇಳಿಸುತ್ತವೆ. ಹಾಗಾದರೆ ಎರಡನೆಯದನ್ನು ‘ತಿತುಕ್’ ಮಾಡಬಹುದು. ವ್ಯಾಕರಣದ ಪ್ರತ್ಯಯಗಳ ಜೊತೆ ಡಿಕ್ಕಿಯಾಗುವುದು ಇನ್ನೊಂದು ತೊಂದರೆ: ಲೊರುವಿನಲ್ಲಿ ‘ನೆ’ ಎಂಬ ವಿಭಕ್ತಿಯೋ ಪ್ರಶ್ನಾರ್ಥಕವೋ ಮೊದಲೇ ಇದ್ದರೆ ‘ದೊನ್ ನೆ’ಗೆ ಎರಡು ಅರ್ಥ ಬರುತ್ತದೆ. ಕೂಗುವುದಕ್ಕೆ ಒಂಬತ್ತು ಪದವಿದ್ದು ನಿಟ್ಟುಸಿರಿಗೆ ಒಂದೂ ಇಲ್ಲದಿರುವುದು ಮತ್ತೊಂದು. ಸಾಹಸದ ಕಥೆಗೆಂದು ಕಟ್ಟಿದ ಭಾಷೆಗಳಲ್ಲಿ ಇದು ಸಾಮಾನ್ಯ.

ಎಲ್ಲ ಮುಗಿದ ಮೇಲೆ ಹತ್ತು ವಾಕ್ಯದ ಒಂದು ರಾತ್ರಿಯನ್ನು ಬರೆಯಿರಿ. ಮಳೆ ನಿಂತು ಸೂರಿನಿಂದ ಹನಿ ಬೀಳುತ್ತಿದೆ, ಒಳಗೆ ಯಾರೋ ಗೊರಕೆ ಹೊಡೆಯುತ್ತಿದ್ದಾರೆ, ದೂರದಲ್ಲಿ ಪ್ರಾಣಿಯೊಂದು ಕೂಗುತ್ತದೆ, ಬಾಗಿಲು ಸರಿಯುತ್ತದೆ, ಒಬ್ಬಳು ಬೇಕೆಂದೇ ಕೆಮ್ಮುತ್ತಾಳೆ, ಇನ್ನೊಬ್ಬ ಏನೋ ಪಿಸುಗುಟ್ಟುತ್ತಾನೆ, ಅವಳಿಗೆ ಕೇಳಿಸುವುದಿಲ್ಲ, ‘ಆಂ?’ ಎನ್ನುತ್ತಾಳೆ. ಎಲ್ಲಿ ಪೆನ್ನು ನಿಂತಿತೋ ಆ ಪದವನ್ನು ಅಚ್ಚಿನಿಂದ ತೆಗೆದು ಕೂರಿಸಿ, ಮುಂದಿನ ವಾಕ್ಯಕ್ಕೆ ಹೋಗಿ.